ಸಂಕಷ್ಟಿ ಚಂದ್ರನ ಪುರಾವೆ

ಅನುಮಾನ ಒಂದು ಕಾಯಿಲೆ ಎನ್ನುವವರನ್ನು ಕಂಡರೆ ನನಗೆ ಮೊದಲು ಬರುವುದು ಅನುಮಾನವೇ. ಇವರಿಗೇನೋ ಮುಚ್ಚಿಡುವುದಿರಬೇಕು, ಇಲ್ಲದಿದ್ದರೆ ಇಷ್ಟು ಆಸ್ಥೆಯಿಂದ ಯಾಕೆ ಹೇಳುತ್ತಾರೆ? ನಾನು ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಲೆಕ್ಕ ಪರಿಶೋಧನೆ ಮಾಡುವವನು. ಬೇರೆಯವರು ಬರೆದದ್ದನ್ನು ನಂಬದೇ ಇರುವುದಕ್ಕಾಗಿಯೇ ನನಗೆ ಸಂಬಳ. ಸಂಜೆ ಲೋಧಿ ಕಾಲೋನಿಯ ಕ್ವಾರ್ಟರ್ಸಿಗೆ ಬಂದ ಮೇಲೂ ಆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಡಲಾಗುವುದಿಲ್ಲ. ತರಕಾರಿ ಭಯ್ಯಾ "ಏಕ್‌ದಮ್ ತಾಜಾ ಹೈ ಸಾಬ್" ಎಂದರೆ ಒಂದು ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇನೆ. ಅವನು ಏನೂ ಹೇಳದೆ ಸುಮ್ಮನಿದ್ದರೆ ಎರಡು ಮುರಿಯುತ್ತೇನೆ.

ಇಂಥವನಿಗೆ ಮಗಳು ಅನಘಾ ಒಂದು ಹೊಸ ಫೋನು ಕೊಡಿಸಿದಳು. ಅದರಲ್ಲಿ ಚಂದ್ರನ ಫೋಟೊ ತೆಗೆದೆ. ಕಣ್ಣಿಗೆ ಮಜ್ಜಿಗೆಯಲ್ಲಿ ಅದ್ದಿದ ಹಾಗೆ ಮಸುಕಾಗಿದ್ದ ಚಂದ್ರ ಫೋನಿನಲ್ಲಿ ಕುಳಿ, ಗುಡ್ಡಗಳ ಸಮೇತ ಮದುವಣಿಗನ ಹಾಗೆ ನಿಂತಿದ್ದ. ಎಲ್ಲಿಂದ ಬಂತು ಇದೆಲ್ಲ? ಫೋನೇ ತನ್ನ ಹೊಟ್ಟೆಯಲ್ಲಿಟ್ಟುಕೊಂಡ ಚಂದ್ರನನ್ನು ತಂದು ಅಂಟಿಸುತ್ತಿದೆ ಎಂದು ನನಗೆ ಖಾತ್ರಿಯಾಯಿತು. ಪರೀಕ್ಷೆಗೆಂದು ಒಂದು ಅಕ್ಕಿರೊಟ್ಟಿಯನ್ನು ಬಾಲ್ಕನಿಯ ಕತ್ತಲಲ್ಲಿ ತೂಗುಹಾಕಿ, ಅಡುಗೆಮನೆಯ ಬಾಗಿಲಿನಿಂದ ಜೂಮ್ ಮಾಡಿ ಫೋಟೊ ತೆಗೆದೆ. ಕುಳಿಗಳೇನೋ ಕಂಡವು. ಆದರೆ ಅವು ಫೋನಿನವೋ, ಕಾವಲಿಯಲ್ಲಿ ರೊಟ್ಟಿಗೇ ಬಿದ್ದವೋ ಎಂದು ತೀರ್ಮಾನವಾಗಲಿಲ್ಲ. ಬೆಳಿಗ್ಗೆ ಮತ್ತೊಮ್ಮೆ ನೋಡೋಣವೆಂದರೆ ಅಷ್ಟರಲ್ಲಿ ಪಾರಿವಾಳವೊಂದು ಬಂದು ಸಾಕ್ಷಿಯನ್ನೇ ಕುಕ್ಕಿ ತಿಂದಿತ್ತು. ನನ್ನ ಹೆಂಡತಿ ಗಿರಿಜಾ, "ನಾಳೆ ನನ್ನನ್ನೂ ಹೀಗೇ ನೇತುಹಾಕಿ ನೋಡ್ತೀರಾ, ನಾನು ನಿಜಾನೋ ಅಲ್ವೋ ಅಂತ?" ಎಂದಳು.

ಆ ಹೊತ್ತಿಗೆ ಸರಿಯಾಗಿ ಮೇಲಿನ ಮನೆಯವರಿಗೆ ಗುವಾಹಟಿಗೆ ವರ್ಗವಾಯಿತು. ಹೋಗುವಾಗ ಅವರು ತಮ್ಮ ಮಗನ ಟೆಲಿಸ್ಕೋಪನ್ನು ನಮಗೇ ಕೊಟ್ಟುಬಿಟ್ಟರು. ಯಾರಾದರೂ ಪುಕ್ಕಟೆಯಾಗಿ ಟೆಲಿಸ್ಕೋಪ್ ಕೊಡುತ್ತಾರೆಯೇ? ಗಾಜು ಒಡೆದಿರಬೇಕೆಂದು ಒಂದು ವಾರ ಹುಡುಕಿದೆ. ಒಡೆದಿರಲಿಲ್ಲ. ಅವರು ಬರೀ ಒಳ್ಳೆಯವರು ಎಂದು ಒಪ್ಪಿಕೊಳ್ಳುವುದಕ್ಕೆ ನನಗೆ ಇನ್ನೊಂದು ವಾರ ಹಿಡಿಯಿತು.

ಟೆಲಿಸ್ಕೋಪಿನಲ್ಲಿ ಕಣ್ಣಿಡುವ ಜಾಗಕ್ಕೆ ನನ್ನ ಹಳೆಯ ಫೋನನ್ನು ಕೈಯಲ್ಲೇ ಹಿಡಿದು ಚಂದ್ರನ ಫೋಟೊ ತೆಗೆಯತೊಡಗಿದೆ. ಹಳೆಯ ಫೋನು ದಡ್ಡ, ಕಂಡದ್ದನ್ನಷ್ಟೇ ತೋರಿಸುತ್ತದೆ ಎಂಬ ಭರವಸೆ. ಆದರೆ ಕೈ ನಡುಗುತ್ತದೆ. ಕೈ ನಡುಗದಿದ್ದರೆ ಚಂದ್ರನೇ ಜಾರುತ್ತಾನೆ. ಈಗ ನಡುವಿನಲ್ಲಿದ್ದವನು ಉಸಿರೆಳೆದುಕೊಳ್ಳುವಷ್ಟರಲ್ಲಿ ಅಂಚಿಗೆ ಹೋಗಿರುತ್ತಾನೆ. "ಅಪ್ಪಾ, ಟೆನ್ಶನ್ ಮತ್ ಲೋ, ತುಂಬ ಫೋಟೊ ತೆಗೀರಿ, ಆಮೇಲೆ ಸ್ಟ್ಯಾಕ್ ಮಾಡೋಣ" ಎಂದಳು ಅನಘಾ. ಅವಳ ಕನ್ನಡ ಹೀಗೆಯೇ, ದೆಹಲಿಯ ನೀರು ಕುಡಿದು ಬೆಳೆದದ್ದು. ಸ್ಟ್ಯಾಕ್ ಎಂದರೆ ರಾಶಿ ಫೋಟೊಗಳಲ್ಲಿ ಕೆಟ್ಟವನ್ನು ಬಿಸಾಡಿ, ಉಳಿದವನ್ನು ಒಂದರ ಮೇಲೊಂದು ಕುಳಿಗೆ ಕುಳಿ ಕೂಡುವ ಹಾಗೆ ಸರಿಸಿ, ಎಲ್ಲದರ ಸರಾಸರಿ ತೆಗೆಯುವುದು. ಒಂದರಲ್ಲಿ ಇಲ್ಲದ ಸ್ಪಷ್ಟತೆ ಎಲ್ಲ ಸೇರಿದಾಗ ಬರುತ್ತದೆ. ಕೈಯ ನಡುಕ, ಚಂದ್ರನ ಜಾರಾಟ ಎರಡನ್ನೂ ಕಂಪ್ಯೂಟರು ದೋಷವೆಂದು ಲೆಕ್ಕಹಾಕಿ ಅಳಿಸುತ್ತದೆ. ನನಗೆ ಅದರ ಮೇಲೂ ಅನುಮಾನ. ಯಾವ ಫೋಟೊ ಬಿಸಾಡಿತು, ಯಾವ ಕಾರಣಕ್ಕೆ, ಯಾರ ಒಪ್ಪಿಗೆಯಿಂದ? ಬಿಸಾಡಿದವನ್ನೆಲ್ಲ ನಾನು ಮತ್ತೆ ಒಂದೊಂದಾಗಿ ತೆರೆದು ನೋಡುತ್ತಿದ್ದೆ. ಒಂದರಲ್ಲಿ ಬರೀ ನನ್ನ ಹೆಬ್ಬೆಟ್ಟಿತ್ತು. ಆ ತೀರ್ಮಾನವನ್ನು ಮಾತ್ರ ಎತ್ತಿಹಿಡಿದೆ.

ಗಿರಿಜಾ ತಿಂಗಳು ತಿಂಗಳೂ ಸಂಕಷ್ಟಿ ಮಾಡುವವಳು. ಇಡೀ ದಿನ ಉಪವಾಸ, ಸಂಜೆ ಗಣಪತಿ ಪೂಜೆ, ಚಂದ್ರನನ್ನು ನೋಡಿ ಅರ್ಘ್ಯ ಕೊಟ್ಟ ಮೇಲೆಯೇ ಊಟ. ಹಸಿದರೆ ಅವಳಿಗೆ ಅರೆತಲೆನೋವು ಬರುತ್ತದೆ. ಬೇಡವೆಂದರೆ ಕೇಳುವುದಿಲ್ಲ. ಊರಿನಲ್ಲಾಗಿದ್ದರೆ ಚಂದ್ರ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿದ್ದ. ದೆಹಲಿಯ ಚಳಿಗಾಲದಲ್ಲಿ ಹೊಗೆಯ ಹಿಂದೆ ಅವನೆಲ್ಲಿದ್ದಾನೆ ಎಂದು ಅವನಿಗೇ ತಿಳಿದಿರುವುದಿಲ್ಲ. ಅಕ್ಟೋಬರಿನ ಸಂಕಷ್ಟಿಯ ದಿನವೇ ಇಲ್ಲಿನವರ ಕರ್ವಾ ಚೌತ್. ಆವತ್ತು ಆಕಾಶ ಚೆನ್ನಾಗಿತ್ತು, ಬ್ಲಾಕಿನ ಹೆಂಗಸರೆಲ್ಲ ಗಂಡಂದಿರಿಗಾಗಿ ಉಪವಾಸವಿದ್ದು, ಚಂದ್ರನನ್ನು ನೋಡಲು ಜರಡಿ ಹಿಡಿದು ಟೆರೇಸಿಗೆ ಬಂದಿದ್ದರು, ನಾನೂ ರಾಶಿ ಫೋಟೊ ತೆಗೆದು ಸ್ಟ್ಯಾಕ್ ಮಾಡಿ ಹೊಗಳಿಸಿಕೊಂಡಿದ್ದೆ. ಕಷ್ಟ ಬಂದದ್ದು ಮುಂದಿನ ತಿಂಗಳು.

ಆ ಸಂಜೆ ಗಂಟಲು ಕೆರೆಯುವಷ್ಟು ಹೊಗೆ. ಪಂಚಾಂಗದ ಚಂದ್ರೋದಯ ಕಳೆದು ಬಹಳ ಹೊತ್ತಾಗಿತ್ತು. ಎದುರು ಬ್ಲಾಕಿನ ನೀರಿನ ಟ್ಯಾಂಕಿನ ಪಕ್ಕದಲ್ಲಿ ಕಿತ್ತಳೆ ಬಣ್ಣದ್ದೊಂದು ಕಲೆ ಕಂಡಿತು. "ಅಗೋ ಬಂದ, ಅರ್ಘ್ಯ ಕೊಡು" ಎಂದೆ.

"ಅದು ಚಂದ್ರ ಅಂತ ಯಾರು ಹೇಳಿದ್ದು? ಯಾರದೋ ಟೆರೇಸಿನ ಲೈಟು ಅದು" ಎಂದಳು ಗಿರಿಜಾ. ಹಣೆ ಒತ್ತಿಕೊಳ್ಳುತ್ತಿದ್ದಳು. ತಲೆನೋವು ಶುರುವಾಗಿದೆಯೆಂದು ನನಗೆ ಗೊತ್ತಾಯಿತು. ಪುರಾವೆ ತಾನೇ ಬೇಕು, ಅದು ನನ್ನ ಕಸುಬು ಎಂದುಕೊಂಡು ಟೆಲಿಸ್ಕೋಪನ್ನು ಆ ಕಲೆಯತ್ತ ತಿರುಗಿಸಿ, ಕೈ ಮರಗಟ್ಟುವವರೆಗೆ ಫೋಟೊ ತೆಗೆದು, ಅನಘಾಳೊಡನೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಒಂದೊಂದು ಫೋಟೊವೂ ಹುಣಸೆ ಗೊಜ್ಜಿನ ಹಾಗಿತ್ತು. ಆದರೆ ಎಲ್ಲವನ್ನೂ ಪೇರಿಸಿದಾಗ, ನಿಜವಾಗಿಯೂ, ಕುಳಿಗಳು ಮೂಡಿದವು. ನಾನು ಲ್ಯಾಪ್‌ಟಾಪನ್ನು ಆರತಿ ತಟ್ಟೆಯ ಹಾಗೆ ಎತ್ತಿಕೊಂಡು ಬಾಲ್ಕನಿಗೆ ಓಡಿದೆ.

ಗಿರಿಜಾ ಒಂದು ಕ್ಷಣ ನೋಡಿದಳು. "ಇದು ಹೋದ ತಿಂಗಳದ್ದು."

"ಅಲ್ಲ ಕಣೇ, ಈಗ ತೆಗೆದದ್ದು!"

"ಸಂಕಷ್ಟಿ ಚಂದ್ರ ಯಾವ ತಿಂಗಳಾದ್ರೂ ಇಷ್ಟೇ ಗಾತ್ರ ಇರ್ತಾನೆ. ಹಳೇದನ್ನೇ ತಂದು ತೋರಿಸಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು?"

ಇಷ್ಟು ಒಳ್ಳೆಯ ಆಕ್ಷೇಪಣೆಯನ್ನು ನಮ್ಮ ಕಚೇರಿಯಲ್ಲಿ ಯಾರೂ ಎತ್ತಿದ್ದಿಲ್ಲ. ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ಉರಿ. ಮೋಸಗಾರರನ್ನು ಹಿಡಿಯುತ್ತ ತಲೆ ನರೆಸಿಕೊಂಡವನು ನಾನು, ನನ್ನನ್ನೇ ಹಿಡಿಯುವುದೇ? ಅನಘಾ ಒಂದು ದಾರಿ ಹೇಳಿದಳು: "ಮೂನ್ ತಿಂಗಳು ತಿಂಗಳು ಮುಖ ಥೋಡಾ ತಿರುಗಿಸ್ತಾನೆ ಅಪ್ಪಾ. ಎರಡೂ ಫೋಟೊ ಮೇಲೆ ಮೇಲೆ ಇಟ್ಟು ನೋಡೋಣ. ಒಂದೇ ದಿನದ್ದಾದ್ರೆ ಪೂರಾ ಮ್ಯಾಚ್ ಆಗ್ಬೇಕು." ಮತ್ತೆ ಒಳಗೆ ಹೋಗಿ ಕೂತೆವು. ಹೋದ ತಿಂಗಳ ಚಂದ್ರನ ಮೇಲೆ ಈ ತಿಂಗಳ ಚಂದ್ರನನ್ನು ಇಟ್ಟು, ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ ಕೊನೆಗೆ ನಡುವಿನ ಕುಳಿಗಳನ್ನು ಕೂಡಿಸಿದೆವು. ನಡು ಕೂಡಿತು, ಅಂಚು ಕೂಡಲಿಲ್ಲ! ಅಂಚಿನ ಹತ್ತಿರವಿದ್ದ ಮೊಟ್ಟೆಯಾಕಾರದ ಕಪ್ಪು ಕಲೆಯೊಂದು ಕೂದಲೆಳೆಯಷ್ಟು ಒಳಗೆ ಸರಿದಿತ್ತು. ಬೇರೆ ತಿಂಗಳ ಚಂದ್ರನೇ! ನಾನು ನಿರಪರಾಧಿ! ಅಪ್ಪ ಮಗಳು ಕೈ ಕೈ ತಟ್ಟಿಕೊಂಡೆವು.

ಕೂಗುತ್ತ ಹೊರಗೆ ಬಂದರೆ ಗಿರಿಜಾ ಊಟದ ಮೇಜಿಗೆ ತಟ್ಟೆ ಹಾಕಿ, ಕಡುಬಿನ ಪಾತ್ರೆ ಮುಚ್ಚಿಟ್ಟುಕೊಂಡು ಕೂತಿದ್ದಳು. ಅರ್ಘ್ಯದ ಲೋಟ ಬರಿದಾಗಿತ್ತು.

"ಅರ್ಘ್ಯ ಕೊಟ್ಟೆಯಾ? ಪುರಾವೆ ನೋಡದೇನೇ?"

"ಅದು ಚಂದ್ರನೇ ರೀ. ನೀವು ಮೊದಲು ತೋರಿಸಿದಾಗ ಟ್ಯಾಂಕಿನ ಪಕ್ಕ ಇತ್ತು. ನೋಡ್ತಾ ನೋಡ್ತಾ ಟ್ಯಾಂಕ್ ದಾಟಿ ಮೇಲೆ ಹೋಯ್ತು. ಟೆರೇಸಿನ ಲೈಟು ಹಾಗೆ ನಡ್ಕೊಂಡು ಹೋಗತ್ತಾ?"

ನಾನು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟೆ. ಚಂದ್ರ ಜಾರುತ್ತಾನೆಂದು ಗೊಣಗುತ್ತ, ಅವನ ಜಾರಾಟವನ್ನೆಲ್ಲ ದೋಷವೆಂದು ನೀಟಾಗಿ ಒರೆಸಿಹಾಕಿದ್ದೆ. ಅವಳು ನಂಬಿದ್ದು ಆ ಜಾರಾಟವನ್ನೇ. ಇಷ್ಟು ವರ್ಷದ ಪರಿಶೋಧನೆಯಲ್ಲಿ ಸಾಕ್ಷಿಯನ್ನು ನಾನೇ ಅಳಿಸಿದ್ದು ಇದೇ ಮೊದಲು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅವಳ ತಟ್ಟೆ ಇನ್ನೂ ಖಾಲಿಯಿರುವುದನ್ನು ನೋಡಿ ಕೆಡುಕೆನಿಸಿತು.

"ಅರ್ಘ್ಯ ಕೊಟ್ಟು ಎಷ್ಟು ಹೊತ್ತಾಯ್ತು?"

"ಅರ್ಧ ಗಂಟೆ ಆಗಿರಬೇಕು."

"ತಲೆನೋವಿಟ್ಟುಕೊಂಡು ಹಾಗೇ ಕೂತಿದ್ದೀಯಲ್ಲ! ಆಗಲೇ ಕರೆದು ಹೇಳಬಾರದಾಗಿತ್ತೇ?"

"ಹೇಳಿದ್ರೆ ನಂಬ್ತಿದ್ರಾ?" ಎಂದಳು ಗಿರಿಜಾ. ಸಿಟ್ಟಿರಲಿಲ್ಲ, ಚುಚ್ಚುವ ದನಿಯೂ ಅಲ್ಲ. ನಿಜವಾಗಿಯೂ ಕೇಳಿದಳು.

ಯೋಚಿಸಿದೆ. ಖಂಡಿತ ನಂಬುತ್ತಿರಲಿಲ್ಲ. ವಿಮಾನವಿರಬಹುದಲ್ಲ ಎನ್ನುತ್ತಿದ್ದೆ. ನೀನು ಮೊದಲು ನಿಂತ ಜಾಗದಲ್ಲೇ ನಿಂತಿದ್ದೆ ಎನ್ನುವುದಕ್ಕೆ ಏನು ಆಧಾರ ಎಂದು ಕೇಳುತ್ತಿದ್ದೆ. ಅವಳು ಹಸಿದ ಹೊಟ್ಟೆಯಲ್ಲಿ ಅದಕ್ಕೂ ಉತ್ತರ ಹೇಳಬೇಕಾಗುತ್ತಿತ್ತು. ಅದರ ಬದಲು ನನಗೆ ಸಮಾಧಾನವಾಗಲಿ ಎಂದು ಕಾದು ಕೂತಿದ್ದಳು. ನಾನು ಅವಳ ತಟ್ಟೆಗೆ ಮೊದಲು ಬಡಿಸಿದೆ, ಆಮೇಲೆ ನನ್ನದಕ್ಕೆ. ಕಡುಬು ಮುರಿದು ಬಾಯಿಗಿಟ್ಟರೆ ಒಳಗಿನದು ಹಸಿ ಕಾಯಿತುರಿಯೋ, ಅಂಗಡಿಯ ಒಣಪುಡಿಯೋ ಎಂದು ತಟ್ಟನೆ ಅನುಮಾನ ಬಂತು. ಗಿರಿಜಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ" ಎಂದೆ.

"ಹೌದಾ?" ಎಂದು ಅವಳು ಅನುಮಾನದಿಂದ ನೋಡಿದಳು.