ಕಂಬವನ್ನು ಅಪ್ಪಿಕೊಂಡ ಭಾನುವಾರ

ಅಟ್ಟದ ಕಂಬಗಳನ್ನು ನಾನೇ ಗಟ್ಟಿ ಮಾಡುತ್ತೇನೆಂದು ಘೋಷಿಸಿದಾಗ ನನ್ನಾಕೆ ಹೊಲಿಗೆ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಅವಳ ಹೊಲಿಗೆ ತರಗತಿ ನಡೆಯುವುದು ಹಜಾರದ ಮರದ ಅಟ್ಟದ ಮೇಲೆ. ಅದರ ಮುಂಭಾಗವನ್ನು ಹೊತ್ತಿರುವುದು ಎರಡೇ ಕಂಬ, ಎರಡೂ ನನ್ನ ತೋಳಿನಷ್ಟು ದಪ್ಪ. ನನ್ನ ತೋಳು ನೋಡಿದವರಿಗೆ ಅವಳ ಭಯ ಅರ್ಥವಾದೀತು. ಹೊಲಿಗೆ ಯಂತ್ರಗಳೆಲ್ಲ ಒಟ್ಟಿಗೆ ಓಡಿದರೆ ಕಂಬಗಳ ನಡು ಬಿಲ್ಲಿನಂತೆ ಬಾಗುತ್ತಿತ್ತು.

"ಸುಮ್ನೆ ಬಡಗಿನ ಕರೀರಿ, ದಪ್ಪ ಕಂಬ ಹಾಕ್ಲಿ. ಇಲ್ಲಾಂದ್ರೆ ಕ್ಲಾಸು ಮುಚ್ಚಬೇಕಾಗತ್ತೆ."

"ದಪ್ಪ ಯಾಕೆ? ಎರಡೂ ಮಗ್ಗುಲಿಗೆ ಉಕ್ಕಿನ ಪಟ್ಟಿ ಅಂಟಿಸಿದ್ರೆ ಅದು ಬಾಗೋದು ಹೇಗೆ?"

"ಹೋದ್ಸಲ ನನ್ನ ಚಪ್ಪಲಿ ಅಂಟಿಸಿದ್ರಲ್ಲ, ಹಾಗಾ?"

ಮಹಾಕಾರ್ಯಕ್ಕೆ ಹೊರಟವರು ಇಂಥ ಮಾತು ಕೇಳಿಸಿಕೊಳ್ಳಬಾರದು. ಭಾನುವಾರ ಯಂತ್ರಗಳನ್ನು ಕೆಳಗಿಳಿಸಿದೆವು. ಮರ ಉಜ್ಜಿದೆ, ಪಟ್ಟಿ ಉಜ್ಜಿದೆ, ಎಪಾಕ್ಸಿ ಅಂಟು ಕಲಸಿ ಧಾರಾಳವಾಗಿ ಬಳಿದೆ. ಮೊದಲ ಕಂಬಕ್ಕೆ ಪಟ್ಟಿಗಳನ್ನಿಟ್ಟು ಹಗ್ಗ ಬಿಗಿದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಹಗ್ಗ ಮುಗಿದಿತ್ತು, ಪಟ್ಟಿಗಳು ಜಾರತೊಡಗಿದ್ದವು. ಬೇರೆ ದಾರಿ ಕಾಣದೆ ಕಂಬವನ್ನೇ ಬಿಗಿಯಾಗಿ ಅಪ್ಪಿಕೊಂಡೆ.

"ಎಷ್ಟೊತ್ತು ಹೀಗೇ?" ಎಂದಳು.

"ಅಂಟು ಹಿಡಿಯೋವರೆಗೆ."

"ಮದುವೆಯಾದಾಗಿಂದ ನನ್ನನ್ನ ಇಷ್ಟೊತ್ತು ಅಪ್ಪಿಕೊಂಡಿಲ್ಲ."

ಅಂಟು ಹಿಡಿಯಿತು. ಪಟ್ಟಿಯನ್ನೂ ಹಿಡಿಯಿತು, ನನ್ನ ಅಂಗಿಯನ್ನೂ ಹಿಡಿಯಿತು. ಗುಂಡಿ ಬಿಚ್ಚೋಣವೆಂದರೆ ಗುಂಡಿಗಳೂ ಅಂಟಿನೊಳಗೆ. ಕೊನೆಗೆ ನನ್ನಾಕೆ ಕತ್ತರಿ ತಂದು ಅಂಗಿಯ ಎದೆಭಾಗವನ್ನು ಕತ್ತರಿಸಿ ನನ್ನನ್ನು ಬಿಡಿಸಿದಳು. ಅಂಗಿಯ ಆ ತುಂಡು ಜೇಬಿನ ಸಮೇತ ಕಂಬದಲ್ಲೇ ಉಳಿಯಿತು.

ಅಂಟು ಪೂರ್ತಿ ಒಣಗಿದ ಮೇಲೆ ಯಂತ್ರಗಳು ಅಟ್ಟವೇರಿದವು, ಹುಡುಗಿಯರೂ ಏರಿದರು. ನಾನು ಕಂಬದ ಮೇಲೆ ಅಂಗೈಯಿಟ್ಟು ಉಸಿರು ಬಿಗಿಹಿಡಿದೆ. ಯಂತ್ರಗಳೆಲ್ಲ ಒಮ್ಮೆಲೇ ಓಡಿದವು. ಕಂಬದೊಳಗೆ ಗುಂಯ್ಯೆಂಬ ನಡುಕ ಹಾದು ನೆಲಕ್ಕಿಳಿಯುತ್ತಿತ್ತು. ನಡು ಮಾತ್ರ ಕೂದಲೆಳೆಯಷ್ಟೂ ಬಾಗಲಿಲ್ಲ. ತೆಳ್ಳನೆಯ ಉಕ್ಕು, ಒಂದು ಲೇಪ ಅಂಟು, ಹಳೇ ಮರ, ಇಷ್ಟೇ ಸೇರಿ ಅಷ್ಟು ಜನರನ್ನು ತಲೆಯ ಮೇಲೆ ಹೊತ್ತು ನಿಂತಿದ್ದವು. ನನ್ನಾಕೆಯೂ ಬಂದು ಕೈಯಿಟ್ಟಳು.

"ಅಬ್ಬಾ, ಒಳಗೆ ಜೀವ ಇದ್ದ ಹಾಗಿದೆ ಕಣ್ರೀ," ಎಂದಳು ಮೆಲ್ಲಗೆ.

ತರಗತಿ ಮುಗಿದು ಎಲ್ಲರೂ ಇಳಿದಾಗ ಒಬ್ಬ ಹುಡುಗಿ ಕಂಬದೆದುರು ಬೆರಗಾಗಿ ನಿಂತಳು. ಉಕ್ಕಿನ ಮಹಿಮೆ ವಿವರಿಸಲು ನಾನು ಗಂಟಲು ಸರಿಮಾಡಿಕೊಂಡೆ.

"ಟೀಚರ್, ಕಂಬಕ್ಕೆ ಜೇಬು ಇಟ್ಟಿದೀರಲ್ಲ, ಒಂದು ಹೊಲಿಗೇನೂ ಕಾಣಲ್ಲ. ಯಾರ ಕೆಲಸ?"

"ನಮ್ಮನೆಯವರದು," ಎಂದಳು ನನ್ನಾಕೆ. "ಅಂಗಿಯೊಳಗೆ ತಾವೇ ಇದ್ದುಕೊಂಡು ಮಾಡಿದ್ದು."