ದೊಡ್ಡಪ್ಪನ ತೀರ್ಪೂ ಕಂಡಕ್ಟರನ ಗಂಟಲೂ

ನನ್ನ ದೊಡ್ಡಪ್ಪ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಅದರಲ್ಲೂ ಕೊಡೆ ಮಾರುವವರ ಮಾತನ್ನು! ಬಂಟ್ವಾಳ ಪೇಟೆಯಲ್ಲಿ ಕೊಡೆ ಕೊಳ್ಳಲಿಕ್ಕೆ ಹೋದರೆ ಅಂಗಡಿ ಮಾಡಿನ ನೀರು ಧೋ ಎಂದು ಸುರಿಯುವಲ್ಲಿ ಅದನ್ನು ಬಿಡಿಸಿ ನಿಲ್ಲುವರು. ತಲೆ ಒದ್ದೆಯಾಗಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಕಿಸೆಗೆ ಕೈ. ಮಂಚ ಮಾಡಿಸಿದಾಗ ಆಚಾರಿಯ ಮನೆಯಲ್ಲೇ ಅದರ ಮೇಲೆ ಒಂದು ನಿದ್ದೆ ತೆಗೆದರು. ಆಚಾರಿ ಪಾಪ, ಗೊರಕೆ ನಿಲ್ಲುವವರೆಗೆ ಉಳಿ ಮುಟ್ಟದೆ ಕೂತಿದ್ದನಂತೆ.

ನನ್ನ ಅಕ್ಕನನ್ನು ನೋಡಲಿಕ್ಕೆ ಬೆಳ್ತಂಗಡಿಯಿಂದ ಹುಡುಗನ ಕಡೆಯವರು ಬಂದರು. ಹುಡುಗನಿಗೆ ಸಿಟ್ಟೆಂಬುದೇ ಇಲ್ಲ ಎಂದರು. ದೊಡ್ಡಪ್ಪ ನಂಬಬೇಕಲ್ಲ? ಹುಡುಗನನ್ನು ಚೆನ್ನೆಮಣೆ ಆಟಕ್ಕೆ ಕೂರಿಸಿ, ಅವನ ಕಣ್ಣೆದುರೇ ಕಾಯಿ ಕದ್ದು ಎಗ್ಗಿಲ್ಲದೆ ಗೆದ್ದರು. ಹುಡುಗ ನಗುತ್ತಲೇ ಇದ್ದ. "ಇವನಿಗೇ ಕೊಡುವ" ಎಂದು ದೊಡ್ಡಪ್ಪ ಎದ್ದರು. ಮದುವೆಯಾಗಿ ವರ್ಷ ಕಳೆದ ಮೇಲೆ ಭಾವ ಒಪ್ಪಿಕೊಂಡರು: ಅವರಿಗೆ ಆ ಆಟವೇ ಬರುತ್ತಿರಲಿಲ್ಲ!

ಇಂಥವರನ್ನು ಬಸ್ಸು ಕಂಪೆನಿಯ ತಕರಾರಿಗೆ ಪಂಚಾಯಿತಿಗೆ ಕೂರಿಸಿದರೆ ಏನಾದೀತು?

ಅರವತ್ತರ ದಶಕದ ಶುರುವಿನ ಮಾತು. ನಾನು ಮೂಡುಬಿದಿರೆಯಲ್ಲಿ ಆಗಷ್ಟೇ ಟೀಚರಾಗಿ ಸೇರಿದ್ದೆ. ದಿನಾ ಬಂಟ್ವಾಳದಿಂದ ಸಿದ್ದಕಟ್ಟೆ ಮಾರ್ಗವಾಗಿ ಹೋಗುವ ಬಸ್ಸು. ಅದರ ಕಂಡಕ್ಟರ್ ಸಂಜೀವ. ಅವನು "ರೈಟ್ ಪೋಯಿ" ಎಂದರೆ ಹಟ್ಟಿಯಲ್ಲಿದ್ದ ದನಗಳೂ ಹೊರಡಬೇಕು, ಅಂಥಾ ಗಂಟಲು. ಒಂದು ಮಳೆಗಾಲ ಆ ಗಂಟಲು ಕೈಕೊಟ್ಟಿತು. ಗಾಳಿ ಬಿಟ್ಟರೆ ಬೇರೇನೂ ಹೊರಗೆ ಬಾರದು. ಗುಣವಾಗುವವರೆಗೆ ಒಂದಕ್ಷರ ಮಾತಾಡಕೂಡದು, ಮಾತಾಡಿದರೆ ಸ್ವರ ಇನ್ನು ಬರಲಿಕ್ಕೇ ಇಲ್ಲ ಎಂದು ಬಿ.ಸಿ.ರೋಡಿನ ಡಾಕ್ಟರು ಹೆದರಿಸಿದರು. ಸಂಜೀವ ರಜೆ ಹಾಕಿದ.

ಕೆಲಸ ಮಾಡಲಾಗದಷ್ಟು ಕಾಯಿಲೆಯಾದರೆ ಸಂಬಳ ಸಹಿತ ರಜೆ ಎಂದು ಯೂನಿಯನ್ನಿನವರೂ ಬಸ್ಸಿನ ಧಣಿಗಳೂ ಕರಾರು ಮಾಡಿಕೊಂಡಿದ್ದರು. ಆದರೆ ಧಣಿಗಳು ಸಂಬಳ ಕೊಡಲಾರೆ ಎಂದರು. ಜ್ವರ ಇಲ್ಲ, ಕೈಕಾಲು ಗಟ್ಟಿ ಉಂಟು, ಟಿಕೆಟು ಹರಿಯುವುದು ಕೈಯಲ್ಲಲ್ಲದೆ ನಾಲಗೆಯಲ್ಲಲ್ಲ ಎಂಬುದು ಅವರ ವಾದ. ಸಂಜೀವನ ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ಸಂಬಳ ಇಲ್ಲವಾದರೆ ಮರುವಾರವೇ ಅದೇ ಗಂಟಲು ಹೊತ್ತು ಬಸ್ಸು ಹತ್ತಬೇಕು.

ಯೂನಿಯನ್ನು ತಕರಾರು ಹೂಡಿತು. ಒಮ್ಮತ ಆಗದಿದ್ದರೆ ಇಬ್ಬರಿಗೂ ಒಪ್ಪಿಗೆಯಾದ ಮೂರನೆಯವರ ತೀರ್ಮಾನವೇ ಕೊನೆ ಎಂದು ಕರಾರಿನಲ್ಲಿತ್ತು. ಧಣಿಗಳೂ ಯೂನಿಯನ್ನಿನ ಕಾರ್ಯದರ್ಶಿಯೂ ದೊಡ್ಡಪ್ಪ ಮೇಷ್ಟರಾಗಿದ್ದ ಶಾಲೆಯಲ್ಲೇ ಕಲಿತವರು, ಒಂದೇ ಬೆತ್ತದ ರುಚಿ ಕಂಡವರು. ಹಾಗಾಗಿ ಒಪ್ಪಿಗೆಗೆ ತಡವಾಗಲಿಲ್ಲ.

ಬಸ್ಸಿನ ಆಫೀಸಿನಲ್ಲಿ ದೊಡ್ಡಪ್ಪ ಇಬ್ಬರ ವಾದವನ್ನೂ ಕಣ್ಣು ಮುಚ್ಚಿ ಕೇಳಿದರು. ಎಂದಿನಂತೆ ಎರಡನ್ನೂ ನಂಬಲಿಲ್ಲ. ಕೊನೆಗೆ ಊರೆಲ್ಲ ಬಹುವಚನದಲ್ಲಿ ಮಾತಾಡಿಸುವ ಧಣಿಗಳ ಕಡೆ ತಿರುಗಿ ಹೇಳಿದರು:

"ಬಾಯಿ ಬೇಡದ ಕೆಲಸ ಅಂತ ನೀನೇ ಹೇಳ್ತೀಯಲ್ಲ ಮಾರಾಯ. ನಾಳೆ ಬೆಳಗ್ಗಿನ ಟ್ರಿಪ್ಪು ನೀನೇ ಮಾಡು. ಬಾಯಿ ಮಾತ್ರ ಬಿಡಬಾರದು."

ಧಣಿಗಳು ಪ್ರಾಯಕಾಲದಲ್ಲಿ ಕಂಡಕ್ಟರಾಗಿದ್ದವರೇ. ಮೀಸೆ ತಿರುವಿ ಒಪ್ಪಿದರು. ಬಸ್ಸಿಗೆ ಒಂದು ಪೆಟ್ಟು ಬಡಿದರೆ ಹೊರಡಬೇಕು, ಎರಡು ಬಡಿದರೆ ನಿಲ್ಲಬೇಕೆಂದು ಡ್ರೈವರನಿಗೆ ತಾಕೀತಾಯಿತು.

ಮರುದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ದೊಡ್ಡಪ್ಪ ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಿದ್ದರು. ಬಿಳಿ ಜುಬ್ಬದ ಮೇಲೆ ಚರ್ಮದ ಚೀಲ ತೂಗಿಸಿಕೊಂಡ ಧಣಿಗಳು ಎಲ್ಲಿಗೆ ಎಂದು ಹುಬ್ಬಿನಲ್ಲೇ ಕೇಳಿದರು. ಜನ ನಮಸ್ಕಾರ ಮಾಡಿದರೇ ಹೊರತು ಊರಿನ ಹೆಸರು ಹೇಳಲಿಲ್ಲ. ಕೋಳಿಬುಟ್ಟಿಯ ಮುದುಕಿಗೆ ಅವರ ಗುರುತಿರಲಿಲ್ಲ. ಇಷ್ಟು ಲಕ್ಷಣದ ಗಂಡಸಿಗೆ ದೇವರು ಬಾಯಿ ಕೊಡಲಿಲ್ಲವಲ್ಲ ಎಂದು ಮರುಗಿ, ಚಿಲ್ಲರೆ ನೀನೇ ಇಟ್ಟುಕೋ ಎಂದಳು. ಅಷ್ಟು ಬಸ್ಸುಗಳ ಧಣಿ ಬಾಯಿಮುಚ್ಚಿ ದಾನ ತೆಗೆದುಕೊಂಡರು! ಸಿದ್ದಕಟ್ಟೆಯಲ್ಲಿ ಹೆಸರು ಕೂಗುವವರಿಲ್ಲದೆ, ಅಲ್ಲಿ ಇಳಿಯಬೇಕಾದವರು ನಿದ್ದೆಯಲ್ಲೇ ಮುಂದೆ ಬಂದರು. ಎಚ್ಚರವಾದ ಮೇಲೆ ಅವರು ಧಣಿಗಳಿಗೆ ಬೈದದ್ದನ್ನು ನಾನು ಬರೆಯುವ ಹಾಗಿಲ್ಲ.

ಅವರನ್ನು ಇಳಿಸಿದ ಮೇಲೆ ತಿರುವಿನಲ್ಲಿ ಲಾರಿಯೊಂದು ಎದುರಾಯಿತು. ದಾರಿ ಬಿಡಲಿಕ್ಕೆ ನಮ್ಮ ಬಸ್ಸು ಹಿಂದೆ ಹೋಗಬೇಕು. ಧಣಿಗಳು ಇಳಿದು ಹಿಂದೆ ನಿಂತು ಕೈ ಬೀಸಿದರು. ಹಿಂದೆ ಕೆಸರು ತುಂಬಿದ ತೋಡು. ಚಕ್ರ ಅಂಚಿಗೆ ಬಂತು. ಧಣಿಗಳು ಎರಡು ಪೆಟ್ಟು ಬಡಿದರು. ಅದೇ ಹೊತ್ತಿಗೆ ಟಾಪಿನ ಮೇಲೆ ಯಾರದೋ ಹಲಸಿನಕಾಯಿಗಳು ದಡಬಡ ಉರುಳಿದವು. ಯಾವ ಪೆಟ್ಟು ಧಣಿಗಳದ್ದು, ಯಾವುದು ಹಲಸಿನದ್ದು ಎಂದು ಡ್ರೈವರ್ ಹೇಗೆ ತಿಳಿಯಬೇಕು? ಬಸ್ಸು ಹಿಂದೆ ಹಿಂದೆ ಸರಿಯಿತು.

"ಹೋಲ್ಡಾನ್! ಹೋಲ್ಡಾನ್ ಮಾರಾಯ!"

ಬಸ್ಸು ತೋಡಿನ ಬಾಯಲ್ಲಿ ಗಕ್ಕನೆ ನಿಂತಿತು. ದೊಡ್ಡಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ತೀರ್ಪು ಈಗ ಧಣಿಗಳ ಬಾಯಿಂದಲೇ ಬಂತು, ತನಗಿನ್ನು ಹೇಳಲಿಕ್ಕೇನೂ ಇಲ್ಲ ಎಂದರು. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಧಣಿಗಳೂ ದೊಡ್ಡ ಮನುಷ್ಯರೇ ಅನ್ನಿ. ಹಣೆ ಒರಸಿಕೊಂಡು ಮೊದಲು ನಕ್ಕವರು ಅವರೇ. ಗಂಟಲು ಪೂರಾ ಸರಿಯಾಗುವವರೆಗೆ ಸಂಜೀವನಿಗೆ ಸಂಬಳ ಸಹಿತ ರಜೆ ಎಂದು ಅಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದರು.

ಆದಿತ್ಯವಾರ ಸುದ್ದಿ ತಿಳಿಸಲಿಕ್ಕೆ ದೊಡ್ಡಪ್ಪ ನನ್ನನ್ನೂ ಕರೆದುಕೊಂಡು ಸಂಜೀವನ ಮನೆಗೆ ಹೋದರು. ಲಾರಿ, ತೋಡು, ಹಲಸಿನಕಾಯಿ ಎಲ್ಲವನ್ನೂ ಕೈಬಾಯಿ ತಿರುಗಿಸಿ ವರ್ಣಿಸಿದರು. ಅವನ ಹೆಂಡತಿ ಬಾಗಿಲಲ್ಲೇ ನಿಂತು ಸೆರಗಿನಿಂದ ಕಣ್ಣೊರಸಿಕೊಂಡಳು. ಸಂಜೀವ ಏನೋ ಹೇಳಬೇಕೆಂದು ಬಾಯಿ ತೆರೆದ.

"ಬೇಡ ಮಗಾ," ಎಂದರು ದೊಡ್ಡಪ್ಪ.

ಸಂಜೀವ ಬಾಯಿ ಮುಚ್ಚಿದ. ಆಮೇಲೆ ದೊಡ್ಡಪ್ಪನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಗಂಟಲಿಗೆ ಒತ್ತಿಕೊಂಡ. ಅವರು ಕೈ ಹಿಂದೆಗೆಯಲಿಲ್ಲ. ಹೊರಗೆ ನಾವು ಮರಳಬೇಕಿದ್ದ ಬಸ್ಸು ಬಂದು, ನಿಂತು, ಹೋಯಿತು. ಹೊರಡುವ ಎಂದು ನಾನೂ ಹೇಳಲಿಲ್ಲ.