ಶಾಂತವ್ವನ ಡಬ್ಬಿಯ ಬೆನ್ನು ಹತ್ತಿ

ಸಂಶಯವೇ ಸುಧಾರಣೆಯ ತಾಯಿ ಎಂಬುದು ನನ್ನ ದೃಢವಾದ ನಂಬಿಕೆ. ಕಾಲೇಜಿನ ಮೂರೂ ವರ್ಷ ಚರ್ಚಾಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದವನು ನಾನು. ಒಂದು ವಿಷಯದ ಪರವಾಗಿ ಮಾತಾಡಿ ಗೆದ್ದಿದ್ದೇನೆ. ಮರುವರ್ಷ ಅದೇ ವಿಷಯದ ವಿರೋಧವಾಗಿ ಮಾತಾಡಿ ಮತ್ತೂ ಗೆದ್ದಿದ್ದೇನೆ. ಇಂಥ ತರಬೇತಿ ಪಡೆದ ವ್ಯಕ್ತಿಯೊಬ್ಬ ಉಪನ್ಯಾಸಕನಾಗಿ ಜೇವರ್ಗಿಗೆ ಬಂದು, ಬಸ್ ನಿಲ್ದಾಣಕ್ಕೆ ಹತ್ತಿರದಲ್ಲೇ ಮನೆ ಮಾಡಿದ ಮೇಲೆ, ಆ ಭಾಗವು ಸುಧಾರಿಸದೆ ಬೇರೆ ದಾರಿಯೇ ಇರಲಿಲ್ಲ.

ನಿಲ್ದಾಣದ ಹಿಂದಿನ ಓಣಿಯಲ್ಲಿ ಸುಧಾರಣೆಗೆ ವಿಪುಲ ಅವಕಾಶವಿತ್ತು. ಅಲ್ಲಿ ಖಾಜಾಸಾಬನ ಚಹದ ಅಂಗಡಿ, ಅದರ ಪಕ್ಕ ಕಬ್ಬಿನ ಹಾಲಿನ ಯಂತ್ರ, ಎದುರಿಗೆ ಮಿರ್ಚಿಭಜಿಯ ಬಂಡಿ, ಮಂಡಕ್ಕಿಯ ಸುಸಲಾ ಮಾರುವವರು, ಅಂದೋಲಾ ಊರಿನ ಬಸ್ಸು ತಪ್ಪಿಸಿಕೊಂಡು ಅದೇ ಸಂತೋಷಕ್ಕೆ ಎರಡನೇ ಪ್ಲೇಟ್ ಹೇಳುವವರು. ಇವೆಲ್ಲದರ ನಡುವೆ ಶಾಂತವ್ವನ ಖಾನಾವಳಿ. ನಾಲ್ಕು ಬೆಂಚು, ಎರಡು ಒಲೆ, ಬೆಳಗಿನಿಂದ ಸಂಜೆಯ ತನಕ ನಿಲ್ಲದ ರೊಟ್ಟಿ ಬಡಿಯುವ ಸಪ್ಪಳ. ಅದೇ ಒಲೆಯ ಮುಂದೆ ಕುಳಿತು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು ಶಾಂತವ್ವ.

ನಾನು ಮಾತ್ರ ಹೊರಗೆ ಉಣ್ಣುವವನಲ್ಲ. ಮೂರು ತಿಂಗಳ ಹಿಂದೆಯೇ ನಮ್ಮ ಮನೆಯನ್ನು 'ಎಣ್ಣೆಮುಕ್ತ ಕುಟುಂಬ' ಎಂದು ಘೋಷಿಸಿದ್ದೆ. ಬೇಯಿಸಿದ ಸೊಪ್ಪು, ಬೇಯಿಸಿದ ಕಾಳು, ಜೊತೆಗೆ ನನ್ನ ಹೆಂಡತಿ ಸುಮಂಗಲಾ ಬಡಿದ ಬಿಸಿ ಜೋಳದ ರೊಟ್ಟಿ. ಆಕೆ ಕರಜಗಿಯ ಕಡೆಯವಳು, ಇಲ್ಲಿ ಶಾಲಾ ಶಿಕ್ಷಕಿ. ನನ್ನ ಘೋಷಣೆಯನ್ನು ಆಕೆಯಾಗಲಿ, ನನ್ನ ತಾಯಿಯಾಗಲಿ ಒಂದೇ ಒಂದು ಮಾತಿನಿಂದಲೂ ವಿರೋಧಿಸಲಿಲ್ಲ. ಸರ್ವಾನುಮತದ ಅಂಗೀಕಾರ ಎಂದು ದಿನಚರಿಯಲ್ಲಿ ಬರೆದುಕೊಂಡೆ.

ಮಧ್ಯಾಹ್ನದ ಬಿಡುವಿನಲ್ಲಿ, ಕಾಲೇಜಿನಲ್ಲೇ ಕಾಳಿನ ಬುತ್ತಿ ಮುಗಿಸಿ, ಖಾಜಾಸಾಬನ ಬೆಂಚಿನ ಮೇಲೆ ಕುಳಿತು ಸಕ್ಕರೆಯಿಲ್ಲದ ಚಹ ಹೀರುತ್ತಿದ್ದಾಗಲೇ ಆ ಡಬ್ಬಿ ನನ್ನ ಕಣ್ಣಿಗೆ ಬಿದ್ದದ್ದು. ದಿನವೂ ಹನ್ನೆರಡೂವರೆಗೆ, ಮೊದಲ ಗಿರಾಕಿಗೆ ತಾಟು ಇಡುವ ಮುನ್ನವೇ, ಶಾಂತವ್ವ ಒಳ್ಳೊಳ್ಳೆಯದನ್ನೆಲ್ಲ ತೆಗೆದಿಡುತ್ತಿದ್ದಳು. ಉಬ್ಬಿದ ರೊಟ್ಟಿ, ಎಣ್ಣೆ ತೇಲುವ ಬದನೆಕಾಯಿ, ಶೇಂಗಾ ಹಿಂಡಿಯ ಚಟ್ನಿಪುಡಿ, ಕೆನೆ ಮೊಸರು, ಎದುರಿನ ಬಂಡಿಯಿಂದ ತರಿಸಿದ ಎರಡು ಮಿರ್ಚಿ. ನಾಲ್ಕು ಅಂತಸ್ತಿನ ಆ ಡಬ್ಬಿಗೆ ಕರೀ ಬಟ್ಟೆ ಸುತ್ತಿ ತನ್ನ ತಮ್ಮ ಶರಣಪ್ಪನ ಕೈಗೆ ಕೊಡುತ್ತಿದ್ದಳು. ಆತ ಹಿಂಬಾಗಿಲಿನಿಂದ ಹೊರಡುತ್ತಿದ್ದ.

ಹಿಂಬಾಗಿಲು! ಮುಂಬಾಗಿಲು ಇರುವಾಗ ಹಿಂಬಾಗಿಲನ್ನು ಬಳಸುವುದೇ ಅಪರಾಧದ ಮೊದಲ ಲಕ್ಷಣ.

ಒಂದು ದಿನ ನೇರವಾಗಿ ಕೇಳಿಯೇಬಿಟ್ಟೆ.

"ಶಾಂತವ್ವ, ಈ ಡಬ್ಬಿ ಯಾರಿಗೆ?"

"ಉಣ್ಣೋರಿಗ್ರಿ ಸರ."

"ಉಣ್ಣುವವರು ಯಾರು?"

"ಹಸಿದೋರ್ರಿ."

"ಹೆಸರು ಹೇಳಲು ಏನು ಅಡ್ಡಿ?"

ಆಕೆ ಹಿಟ್ಟಿನ ಕೈ ಝಾಡಿಸಿ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. "ಅದು ಮೀಸಲ ಡಬ್ಬಿ ಅದರಿ. ಅದರ ಉಸಾಬರಿ ನಿಮಗ ಬ್ಯಾಡ."

ಚರ್ಚಾಶಾಸ್ತ್ರದಲ್ಲಿ ಇದನ್ನು ನುಣುಚು ಉತ್ತರ ಎನ್ನುತ್ತಾರೆ. ನಾನು ತರ್ಕವನ್ನು ಜೋಡಿಸಿದೆ. ಉತ್ತಮವಾದುದು ಮೊದಲು ಹೋಗುತ್ತದೆ, ಗುಪ್ತವಾಗಿ ಹೋಗುತ್ತದೆ, ಪಡೆಯುವವನ ಹೆಸರು ಹೇಳುವಂತಿಲ್ಲ. ಆದ್ದರಿಂದ ಪಡೆಯುವವನು ಅಧಿಕಾರಿ! ಖಾನಾವಳಿಯ ತಪಾಸಣೆಯನ್ನು ತಪ್ಪಿಸಲು ದಿನವೂ ರೊಟ್ಟಿಯ ರೂಪದಲ್ಲಿ ಲಂಚ! ತಪಾಸಣೆ ತಪ್ಪಿಸುತ್ತಾರೆಂದರೆ ಆಹಾರದಲ್ಲೂ ದೋಷವಿದೆ ಎಂದಾಯಿತು. ಒಂದು ಡಬ್ಬಿಯಿಂದ ಇಷ್ಟು ದೂರ ತಲುಪಲು ನನಗೆ ಅರ್ಧ ಕಪ್ ಚಹ ಸಾಕಾಯಿತು.

ಆದರೆ ಸುಧಾರಕನಾದವನು ಸಾಕ್ಷ್ಯವಿಲ್ಲದೆ ಮಾತಾಡಬಾರದು. ಮರುದಿನ ಮನೆಯಿಂದ ರಾತ್ರಿ ಉಳಿದ ಒಂದು ರೊಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಹೋದೆ. ಶಾಂತವ್ವನಿಂದ ಇನ್ನೊಂದು ರೊಟ್ಟಿ ಪಡೆದೆ. ಉಣ್ಣಲು ಕುಳಿತ ಇಪ್ಪತ್ತು ಜನರ ಎದುರಿಗೆ ಬೆಂಚಿನ ಮೇಲೆ ನಿಂತು ಎರಡನ್ನೂ ಎತ್ತಿ ಹಿಡಿದೆ.

"ಮಹನೀಯರೇ, ಎಡಗೈಯಲ್ಲಿರುವುದು ಗೃಹಿಣಿಯ ರೊಟ್ಟಿ. ಬಲಗೈಯಲ್ಲಿರುವುದು ವ್ಯಾಪಾರದ ರೊಟ್ಟಿ. ಎಡಗೈಯದರ ನಯ, ತೆಳುವು, ಅಂಚಿನ ದುಂಡು ನೋಡಿರಿ! ಇದರಲ್ಲಿ ಪ್ರೀತಿಯಿದೆ. ಬಲಗೈಯದನ್ನು ನೋಡಿರಿ! ಇದರಲ್ಲಿ ಲಾಭದ ಆತುರವಿದೆ. ಈ ವ್ಯತ್ಯಾಸವು ಕುರುಡನಿಗೂ ಕಾಣುತ್ತದೆ!"

"ಸರ, ನನಗ ಕಣ್ಣು ಅವರಿ, ಆದ್ರೂ ಕಾಣವಲ್ದು," ಎಂದ ಒಬ್ಬ.

ಶಾಂತವ್ವ ಎದ್ದು ಬಂದಳು. ಎರಡೂ ರೊಟ್ಟಿಗಳನ್ನು ತೆಗೆದುಕೊಂಡು ಹೊರಳಿಸಿ ನೋಡಿದಳು. ನನ್ನ ಮನೆಯ ರೊಟ್ಟಿಯ ಅಂಚಿನ ಮೇಲೆ ಬೆರಳಾಡಿಸಿದಳು. ಎರಡನ್ನೂ ಒಂದರ ಮೇಲೊಂದಿಟ್ಟು ನನ್ನ ಕೈಗೆ ಮರಳಿಸಿದಳು.

"ಎರಡೂ ಚಲೋ ಅವರಿ ಸರ," ಎಂದು ಒಲೆಯ ಕಡೆಗೆ ಹೋದಳು.

ಗೆಲುವು ನನ್ನದೇ! ನಾನು ಅದೇ ಉತ್ಸಾಹದಲ್ಲಿ ಪುರಸಭೆಯ ಕಚೇರಿಗೆ ಹೋಗಿ ನಾಲ್ಕು ಪುಟಗಳ ದೂರು ಸಲ್ಲಿಸಿದೆ. ವಾರದೊಳಗೆ ಶಾಂತವ್ವನಿಗೆ ನೋಟಿಸು ಬಂತು: ಸೋಮವಾರ ವಿಚಾರಣೆ, ಡಬ್ಬಿಯ ಬಗ್ಗೆ ಸಮಾಧಾನಕರ ಉತ್ತರ ನೀಡದಿದ್ದರೆ ಖಾನಾವಳಿ ಬಂದ್.

ಆ ರಾತ್ರಿ ಊಟಕ್ಕೆ ಕುಳಿತು ಸುಮಂಗಲೆಗೆ ವಿಜಯವಾರ್ತೆ ತಿಳಿಸಿದೆ. ಆಕೆಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು.

"ಯಾರ ಖಾನಾವಳಿ ಅಂದ್ರಿ?"

"ಶಾಂತವ್ವನದು."

"ಯಾವ ಶಾಂತವ್ವ?"

"ಇರುವವಳೇ ಒಬ್ಬಳು."

ಅವ್ವ ಮೂಲೆಯಿಂದ, "ಏ ತಮ್ಮಾ, ಪಾಪದ ಹೆಣಮಗಳಪ್ಪ, ಬಿಟ್ಟುಬಿಡು," ಎಂದಳು. ಸುಮಂಗಲಾ, "ನಿಮಗ್ಯಾಕ್ರಿ ಮಂದಿ ಡಬ್ಬಿ ಉಸಾಬರಿ?" ಎಂದಳು. ನನ್ನ ಸುರಕ್ಷತೆಯ ಬಗ್ಗೆ ಇಬ್ಬರಿಗೂ ಭಯವಾಗಿದೆಯೆಂದು ಅರ್ಥ ಮಾಡಿಕೊಂಡೆ. ಭ್ರಷ್ಟ ಅಧಿಕಾರಿಗಳು ಏನಾದರೂ ಮಾಡಿಯಾರು ಎಂಬ ಸ್ತ್ರೀಸಹಜ ಆತಂಕ! "ಹೆದರಬೇಡಿರಿ," ಎಂದು ಅಭಯ ನೀಡಿ, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ವಿಚಾರಣೆಗೆ ಬೇಕಾದದ್ದು ಒಂದೇ ಕೊಂಡಿ: ಡಬ್ಬಿ ತಲುಪುವ ವಿಳಾಸ. ಶನಿವಾರ ಕಾಲೇಜಿಗೆ ರಜೆ ಹಾಕಿದೆ. ಸಾಕ್ಷಿಗೆಂದು ಮಲ್ಲಣ್ಣ ಮಾಸ್ತರರನ್ನು ಕರೆದೆ. ಆಳಂದ ತಾಲೂಕಿನ ಮಟಕಿ ಊರಿನವರು, ನಿವೃತ್ತ ಶಿಕ್ಷಕರು, ನನ್ನ ಎಲ್ಲ ಭಾಷಣಗಳನ್ನೂ ಕೊನೆಯವರೆಗೆ ಕೇಳಿದ ಏಕೈಕ ವ್ಯಕ್ತಿ. ಅವರಿಗೆ ಕಿವಿ ಸ್ವಲ್ಪ ಮಂದ.

ಹನ್ನೆರಡೂವರೆಗೆ ಶರಣಪ್ಪ ಹಿಂಬಾಗಿಲಿನಿಂದ ಹೊರಬಿದ್ದ. ಐವತ್ತು ದಾಟಿದ ಸ್ಥೂಲಕಾಯ. ಹತ್ತು ಹೆಜ್ಜೆಗೊಮ್ಮೆ ನಿಂತು ಯಾರನ್ನಾದರೂ ಮಾತಾಡಿಸುವ ಸ್ವಭಾವ. ಬೆನ್ನು ಹತ್ತುವವರಿಗೆ ಇದರಷ್ಟು ಕಷ್ಟ ಬೇರೊಂದಿಲ್ಲ. ಆತ ಖಾಜಾಸಾಬನ ಅಂಗಡಿಯ ಮುಂದೆ ನಿಂತ. ನಾವು ಕಬ್ಬಿನ ಯಂತ್ರದ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತೆವು.

"ಏನ್ರೀ ಸರ," ಖಾಜಾಸಾಬ ಓಣಿಗೆಲ್ಲ ಕೇಳುವಂತೆ ಕೂಗಿದ, "ಮಷೀನ್ ಹಿಂದ ಯಾಕ ಕುಂತೀರಿ? ತಬಿಯತ್ ಬರಾಬ್ಬರಿ ಅದ ಇಲ್ಲ?"

"ಶ್! ನಾವು ಗುಪ್ತವಾಗಿದ್ದೇವೆ!"

"ಅಯ್ಯ, ಹೇಳಬಾರದೇನ್ರಿ? ಶರಣಪ್ಪ, ಈ ಕಡಿ ನೋಡಬ್ಯಾಡೋ, ಸರ ಗುಪ್ತ ಇದ್ದಾರಂತ!"

ಶರಣಪ್ಪ ಈ ಕಡೆ ನೋಡಿ, ನಮಸ್ಕಾರ ಮಾಡಿ, ಗಾಬರಿಯಿಂದ ಹೆಜ್ಜೆ ಚುರುಕು ಮಾಡಿದ. ಆ ಹೊತ್ತಿಗೆ ಮಲ್ಲಣ್ಣ ಮಾಸ್ತರರು ಎರಡು ಗ್ಲಾಸು ಕಬ್ಬಿನ ಹಾಲಿಗೆ ಹೇಳಿಬಿಟ್ಟಿದ್ದರು. ಒಂದನ್ನು ಅವರೇ ಕುಡಿದರು. ತತ್ವದ ಪ್ರಕಾರ ನಾನು ಕುಡಿಯುವುದಿಲ್ಲವಾದ್ದರಿಂದ ಇನ್ನೊಂದನ್ನೂ ಅವರೇ ಕುಡಿದರು.

ಮೊಬೈಲಿನಲ್ಲಿ ಚಿತ್ರೀಕರಣ ಆರಂಭಿಸಿ, ಓಡುತ್ತಲೇ ವಿವರಣೆ ನೀಡತೊಡಗಿದೆ: "ಮಾನ್ಯ ನಾಗರಿಕರೇ, ಲಂಚದ ಡಬ್ಬಿಯು ಈಗ ಮುಖ್ಯರಸ್ತೆಯನ್ನು ದಾಟುತ್ತಿದೆ..." ಬಲಕ್ಕೆ ತಿರುಗಿದರೆ ಅಧಿಕಾರಿಗಳ ವಸತಿಗೃಹಗಳು. ಎಡಕ್ಕೆ ನಮ್ಮ ಓಣಿ. ಆತ ಎಡಕ್ಕೆ ತಿರುಗಿದ. ನಮ್ಮ ಓಣಿಯಲ್ಲೇ ಲಂಚಕೋರ! ಸಾಲಾಗಿ ನಾಲ್ಕು ಮನೆಗಳನ್ನು ದಾಟಿದ. ಎಂಜಿನಿಯರರ ಮನೆಯ ಮುಂದೆ ನಿಂತ. ಮೊಬೈಲನ್ನು ಇನ್ನೂ ಎತ್ತರಕ್ಕೆ ಹಿಡಿದೆ. ಆತ ಚಪ್ಪಲಿಯ ಉಂಗುಟ ಸರಿಪಡಿಸಿಕೊಂಡು ಮುಂದೆ ನಡೆದ.

ಮುಂದಿನ ಗೇಟು ನಮ್ಮದು.

ಶರಣಪ್ಪ ಅದನ್ನು ತೆರೆದ.

"ಪಾಪ, ನೀರು ಕುಡಿಯಲು ಹೋಗಿರಬೇಕು," ಎಂದು ಮಲ್ಲಣ್ಣ ಮಾಸ್ತರರ ಕಿವಿಯಲ್ಲಿ ಹೇಳಿದೆ.

ಆದರೆ ನೀರು ಕುಡಿಯಲು ಹೋದವನು ಕರೆಯದೆ ಬಾಗಿಲು ತಳ್ಳುವುದಿಲ್ಲ. ಅದಕ್ಕಿಂತ ಗಂಭೀರವಾದ ಸಂಗತಿ, ನಮ್ಮ ನಾಯಿ ಬೊಗಳಲಿಲ್ಲ, ಬಾಲ ಅಲ್ಲಾಡಿಸಿತು. ಅದು ನನಗೆ ಈಗಲೂ ಬೊಗಳುತ್ತದೆ!

ಒಳಗೆ ನುಗ್ಗಿದೆ. ನಡುಮನೆಯಲ್ಲಿ ಡಬ್ಬಿಯ ನಾಲ್ಕೂ ಅಂತಸ್ತು ಬಿಚ್ಚಿಕೊಂಡಿದ್ದವು. ಸುಮಂಗಲೆಯ ತಾಟಿನಲ್ಲಿ ಬದನೆಕಾಯಿ ಹೊಳೆಯುತ್ತಿತ್ತು. ಎಪ್ಪತ್ತೈದರ ನನ್ನ ತಾಯಿ, ಎಣ್ಣೆಮುಕ್ತ ಕುಟುಂಬದ ಹಿರಿಯ ಸದಸ್ಯೆ, ಅರ್ಧ ಕಚ್ಚಿದ ಮಿರ್ಚಿಯನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಮೊಬೈಲಿನಲ್ಲಿ ಎಲ್ಲವೂ ಸ್ಪಷ್ಟವಾಗಿ ದಾಖಲಾಗುತ್ತಿತ್ತು.

"ಬಂದೇನಪ್ಪಾ," ಎಂದಳು ಅವ್ವ, ನಿರ್ವಿಕಾರವಾಗಿ. "ಕೈ ತೊಳಕೊಂಡು ಬಾ. ಮಲ್ಲಣ್ಣ, ನೀನೂ ಕುಂದ್ರು."

ಮಲ್ಲಣ್ಣ ಮಾಸ್ತರರಿಗೆ ಈ ಮಾತು ಮೊದಲ ಸಲಕ್ಕೇ ಕೇಳಿಸಿತು. ಅವರು ಕುಳಿತರು.

"ಇದು... ಎಷ್ಟು ದಿನದಿಂದ?" ಎಂದೆ.

"ನೀವು ಎಣ್ಣಿ ಬಂದ್ ಮಾಡಿದ ಮರುದಿನದಿಂದ," ಎಂದಳು ಸುಮಂಗಲಾ. "ಮುಂಜಾನೆ ಸಾಲಿ, ಸಂಜೀಕ ಪೇಪರ್ ತಿದ್ದೋದು. ನೀವು ಹೆಣ್ಣಿನ ಸಮಾನತಿ ಬಗ್ಗೆ ಭಾಷಣ ಮಾಡಾಕ ಹೋಗಿರ್ತೀರಿ. ರೊಟ್ಟಿ ಯಾರು ಬಡೀಬೇಕ್ರಿ? ಸಮಾನತಿ ಬಂದು ಬಡೀತದೇನು?"

"ಹಾಗಾದರೆ ರಾತ್ರಿಯ ರೊಟ್ಟಿ?"

"ಅವೂ ಶಾಂತವ್ವನವ. ಮಧ್ಯಾಹ್ನ ಬಂದವು, ಹಂಚಿನ ಮ್ಯಾಲ ಬಿಸಿ ಮಾಡಿ ಹಾಕ್ತೇನಿ."

ನಾನು ಚಿತ್ರೀಕರಣ ನಿಲ್ಲಿಸಿದೆ. ಬೆಂಚಿನ ಮೇಲೆ ನಿಂತು ಎಡಗೈಯಲ್ಲಿ ಎತ್ತಿ ಹಿಡಿದಿದ್ದ ಪ್ರೀತಿ ಮತ್ತು ಬಲಗೈಯಲ್ಲಿದ್ದ ಲಾಭದ ಆತುರ, ಎರಡನ್ನೂ ಬಡಿದದ್ದು ಒಂದೇ ಕೈ! ನಮ್ಮ ಕಡೆ ರೊಟ್ಟಿ ಬಡಿಯುವ ಸಪ್ಪಳ ಮೂರು ಮನೆಯಾಚೆಗೂ ಕೇಳುತ್ತದೆ. ನನ್ನ ಮನೆಯಲ್ಲಿ ಮೂರು ತಿಂಗಳಿಂದ ಆ ಸಪ್ಪಳವೇ ಇಲ್ಲ. ಊರಿನ ಪ್ರತಿಯೊಂದು ಬಾಗಿಲನ್ನೂ ಸಂಶಯಿಸಿದ ಈ ಮಹಾ ಪತ್ತೇದಾರನಿಗೆ ಅದು ಹೊಳೆದಿರಲಿಲ್ಲ!

"ನಿನ್ನಿ ಶಾಂತವ್ವನ ಕಡಿ ಹೋಗಿದ್ದೆ," ಸುಮಂಗಲೆಯ ದನಿ ಇಳಿಯಿತು. "ಸೋಮವಾರ ನಾನ ಬಂದು ಹೇಳ್ತೇನಿ ಅಂದೆ. ಬ್ಯಾಡ ಅಂದ್ಳು. ರೊಟ್ಟಿ ತರಸ್ತಾಳ ಅಂತ ಓಣಿ ಮಂದಿ ಆಡ್ಕೋತಾರ, ನಿನ್ನ ಮರ್ಯಾದಿ ಹೋಗ್ತದ ಅಂದ್ಳು. ಆಕಿ ಖಾನಾವಳಿ ಹೋದ್ರೂ ಅಡ್ಡಿಯಿಲ್ಲಂತ."

ಶರಣಪ್ಪ ಮೂಲೆಯಲ್ಲಿ ನಿಂತು ಡಬ್ಬಿಯ ಕರೀ ಬಟ್ಟೆ ಮಡಿಸುತ್ತಿದ್ದ. ಚರ್ಚೆಯಲ್ಲಿ ಪ್ರತಿವಾದಕ್ಕೆ ಎರಡು ನಿಮಿಷ ಕೊಡುತ್ತಾರೆ. ಆ ಎರಡು ನಿಮಿಷದಲ್ಲಿ ನಾನು ಕೈ ತೊಳೆದುಕೊಂಡು ಬಂದೆ.

ಸಂಜೆ ಖಾನಾವಳಿಗೆ ಹೋದೆ. ಕ್ಷಮಾಪಣೆಯ ಭಾಷಣಕ್ಕೆ ಪೀಠಿಕೆ ಹಾಕುತ್ತಿದ್ದಂತೆ ಶಾಂತವ್ವ ಕೈ ಎತ್ತಿ ತಡೆದಳು.

"ಸಣ್ಣಗ ಮಾತಾಡ್ರಿ ಸರ, ಗಿರಾಕಿ ಕೂತಾರ."

"ಆ ದಿನ ರೊಟ್ಟಿಯ ಗುರುತು ಸಿಕ್ಕಿತ್ತಲ್ಲವೇ? ಒಂದೇ ಮಾತು ಹೇಳಿದ್ದರೆ ನಾನು ಬೆಂಚಿನಿಂದ ಇಳಿಯುತ್ತಿದ್ದೆ."

"ನನ್ನ ಕೈ ನನಗ ಗುರುತು ಸಿಗಂಗಿಲ್ಲೇನ್ರಿ? ಹೇಳಿದ್ರ ನೀವು ಇಳೀತಿದ್ರಿ, ಖರೆ. ನಾಳೆ ಯಾವ ಹೆಣಮಗಳು ನನ್ನ ನಂಬಿ ಡಬ್ಬಿ ಹೇಳ್ತಾಳ್ರಿ? ಹನ್ನೊಂದು ಮನಿ ಅವ, ಉಳಿದವು ಬ್ಯಾರೆ ಹೊತ್ತಿಗೆ ಹೋಗ್ತಾವ. ನಿಮ್ದು ಒಂದ ಅಂತ ತಿಳಕೊಂಡೀರೇನು?"

ಹನ್ನೊಂದು ಮನೆ! ಯಾವ ಯಾವ ಮನೆ ಎಂದು ನನ್ನ ನಾಲಿಗೆ ತುದಿಯವರೆಗೆ ಬಂತು. ಆಕೆಯ ಮುಖ ನೋಡಿ ನುಂಗಿಕೊಂಡೆ.

ಸೋಮವಾರ ವಿಚಾರಣೆಗೆ ಮೊದಲೇ ದೂರು ಹಿಂಪಡೆಯಲು ಕಚೇರಿಗೆ ಹೋದೆ. ಸುಮಂಗಲೆಯೂ ಬಂದಳು, ನನ್ನನ್ನು ಒಂಟಿಯಾಗಿ ಕಳಿಸುವ ಧೈರ್ಯ ಅವಳಿಗಿರಲಿಲ್ಲ. ಶಾಂತವ್ವ, ಆಕೆಯ ಪರವಾಗಿ ಬಂದ ಗಿರಾಕಿಗಳು, ಖಾಜಾಸಾಬ, ಎಲ್ಲರೂ ಬಾಗಿಲಲ್ಲಿ ನೆರೆದಿದ್ದರು. ಹೆಂಡತಿಯ ಆಜ್ಞೆ ಸ್ಪಷ್ಟವಾಗಿತ್ತು: ಡಬ್ಬಿ ಯಾರ ಮನೆಯದೆಂಬುದು ಹೊರಬೀಳಕೂಡದು. (ಈಗ ಇದನ್ನು ಬರೆಯುತ್ತಿರುವುದು ಆಕೆಯ ಲಿಖಿತ ಅನುಮತಿಯ ಮೇಲೆ.)

ಗುಮಾಸ್ತರು ಒಂದು ನಮೂನೆ ಕೊಟ್ಟರು. ಅದರಲ್ಲಿ 'ಹಿಂಪಡೆಯಲು ಕಾರಣ' ಎಂಬಲ್ಲಿ ಒಂದೇ ಸಾಲಿನ ಜಾಗವಿತ್ತು. ನಾನು, "ಲಭ್ಯ ಸಾಕ್ಷ್ಯಾಧಾರಗಳನ್ನು ಸಮಗ್ರವಾಗಿ ಮರುಪರಿಶೀಲಿಸಿದ ತರುವಾಯ, ಪೂರ್ವಗೃಹೀತ ನಿಲುವುಗಳ..." ಎಂದು ಆರಂಭಿಸಿ, ಹಾಳೆಯ ಅಂಚಿಗೆ ಮುಟ್ಟಿ, ಹಿಂಬದಿಗೆ ಹೊರಳಿಸಿದೆ.

"ಸರ, ಸರ, ನಿಲ್ರಿ," ಎಂದರು ಗುಮಾಸ್ತರು. "ಡಬ್ಬಿ ಲಂಚದ್ದು ಹೌದೋ ಅಲ್ಲೋ?"

"ಅಲ್ಲ."

"ಮತ್ತ ಯಾರ್ದು?"

"ಅದನ್ನು ಹೇಳುವಂತಿಲ್ಲ."

"ಮತ್ತ ದೂರು ಯಾಕ ಕೊಟ್ರಿ?"

ನಾನು ಪೆನ್ನು ಕೆಳಗಿಟ್ಟೆ. ಅವರು ಹೊಸ ನಮೂನೆ ತೆಗೆದು, ಪೆನ್ನು ನನ್ನ ಕೈಗಿಟ್ಟು ಸಮಾಧಾನದಿಂದ ಹೇಳಿದರು: "ದೂರುದಾರನಿಗೆ ಬುದ್ಧಿ ಸಾಲದು ಅಂತ ಬರೀರಿ. ಒಂದ ಸಾಲಿನ್ಯಾಗ ಹಿಡೀತದ, ಯಾರ ಹೆಸರೂ ಬರಂಗಿಲ್ಲ."

ಪರವಾಗಿ ಯೋಚಿಸಿದೆ. ವಿರೋಧವಾಗಿ ಯೋಚಿಸಿದೆ. ವಾಕ್ಯದಲ್ಲಿ ದೋಷ ಸಿಗಲಿಲ್ಲ. ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿದೆ.

"ಈ ಮಾತು ಖರೆ ಅಂತ ಇಬ್ಬರು ಸಾಕ್ಷಿ ಬೇಕ್ರಿ," ಎಂದರು ಗುಮಾಸ್ತರು.

ಬಾಗಿಲಲ್ಲಿ ನೂಕುನುಗ್ಗಲಾಯಿತು. ಎಲ್ಲರನ್ನೂ ಸರಿಸಿ ಮುಂದೆ ಬಂದು ಮೊದಲ ಸಹಿ ಹಾಕಿದವಳು ಸುಮಂಗಲಾ.